ದೇವರ ಬಲಗಡೆ

ಹೂವು ಎಡಕ್ಕೆ ಬಿದ್ದದ್ದನ್ನು ಕಂಡು ಶಿವಶಂಕರ್ ಮೇಷ್ಟ್ರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆ ಸಂತೋಷ ಮುಖಕ್ಕೆ ಬರದ ಹಾಗೆ ನೋಡಿಕೊಂಡರು. ಕೇಳಿದ್ದನ್ನು ದೇವರು ಕೊಡಲಿಲ್ಲವೆಂದು ದೇವರ ಎದುರಿಗೇ ನಿಂತು ಖುಷಿಪಡುವುದು ಅಷ್ಟು ಮರ್ಯಾದೆಯಲ್ಲ. ಹುಣಸೂರಿನಿಂದ ಗುರುಪುರದ ಕಡೆಗೆ ಹೋಗುವ ರಸ್ತೆಯಲ್ಲಿ, ಹೊಗೆಸೊಪ್ಪಿನ ಹೊಲಗಳ ನಡುವೆ ಸಣ್ಣದೊಂದು ಗುಡ್ಡ, ಅದರ ಮೇಲೆ ಸಿದ್ದೇಶ್ವರನ ಗುಡಿ. ಲಿಂಗಕ್ಕೆ ತೊಡಿಸಿದ ಹಿತ್ತಾಳೆ ಮುಖವಾಡದ ಎರಡು ಕೆನ್ನೆಗೂ ಒದ್ದೆ ಮಾಡಿದ ಕಣಗಿಲೆ ಹೂವನ್ನು ಅಂಟಿಸಿ, ಮನಸ್ಸಿನಲ್ಲಿ ಒಂದು ಪ್ರಶ್ನೆ ಇಟ್ಟುಕೊಂಡು, ಕೈಮುಗಿದು ಕಾಯಬೇಕು. ಬಲಗಡೆಯ ಹೂ ಮೊದಲು ಬಿದ್ದರೆ ಆಗುತ್ತದೆ, ಎಡಗಡೆಯದಾದರೆ ಆಗುವುದಿಲ್ಲ. ಇಷ್ಟೇ ಕಾನೂನು. ಐವತ್ತೊಂಬತ್ತು ವರ್ಷದ ಬದುಕಿನಲ್ಲಿ ಮೇಷ್ಟ್ರು ಯಾವ ದೊಡ್ಡ ವಿಷಯವನ್ನೂ ಈ ಕಣಗಿಲೆಯನ್ನು ಕೇಳದೆ ಮಾಡಿದವರಲ್ಲ. ಇವತ್ತಿನ ಪ್ರಶ್ನೆ ಅಂಥ ದೊಡ್ಡದೂ ಅಲ್ಲ, ಹತ್ತಡಿ ಉದ್ದ ಎಂಟಡಿ ಅಗಲದ್ದು. ಮನೆಯ ಮುಂದಿನ ಕೋಣೆಯಲ್ಲಿ ಅಕ್ಕಿರೊಟ್ಟಿಯ ಅಂಗಡಿ ಇಡುತ್ತೇನೆಂದು ಹೆಂಡತಿ ಶಿವರುದ್ರಮ್ಮ ಒಂದು ತಿಂಗಳಿಂದ ಕೇಳುತ್ತಿದ್ದರು. ಆ ಕೋಣೆಯಲ್ಲಿ ಮೇಷ್ಟ್ರ ಗಾಜಿನ ಶೋಕೇಸು ಇತ್ತು. ಅದರೊಳಗೆ ಮೂವತ್ತೈದು ವರ್ಷದ ಖೋಖೋ ಷೀಲ್ಡುಗಳು, ಕಬಡ್ಡಿ ಕಪ್ಪುಗಳು, ಒಂದು ಸಲ ಜಿಲ್ಲೆಗೆ ಎರಡನೆಯದಾಗಿ ಬಂದ ವಾಲಿಬಾಲ್ ತಂಡದ ಫೋಟೋ. “ಹೂ ಕೇಳಿ ಹೇಳ್ತೀನಿ” ಎಂದಿದ್ದರು ಮೇಷ್ಟ್ರು. ಈಗ ಕೇಳಿಯಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸಂಜೆ ಸ್ಕೂಲಿನಿಂದ ಮನೆಗೆ ಹೋಗಿ, ಸ್ವಲ್ಪ ಬೇಜಾರಿನ ಮುಖ ಮಾಡಿ, “ಏನ್ ಮಾಡೋದು, ಎಡಗಡೆ ಆಯ್ತು” ಅಂದುಬಿಟ್ಟರೆ ಮುಗಿಯಿತು.

“ಒಳ್ಳೇದಾಯ್ತು ಬುಡಿ ಸಾರ್. ಚಕ್ ಅಂತ ಬಲಗಡೇನೇ ಕೊಟ್ಟ,” ಎಂದ ಪೂಜಾರಿ ಶಶಿ, ಮಂಗಳಾರತಿ ತಟ್ಟೆಯನ್ನು ಮುಂದೆ ಹಿಡಿದು. ಬಿದ್ದ ಹೂವನ್ನು ಎತ್ತಿ ಮೇಷ್ಟ್ರ ಕೈಗಿಟ್ಟ. ಶಶಿಗೆ ನಲವತ್ತರ ಹತ್ತಿರ ವಯಸ್ಸು. ಬೆಳಿಗ್ಗೆ ಪೂಜೆ ಮುಗಿಸಿ ಹೋಗಿ ಹುಣಸೂರಿನಲ್ಲಿ ಜೆರಾಕ್ಸ್ ಅಂಗಡಿಯ ಬಾಗಿಲು ತೆಗೆಯುತ್ತಾನೆ. ಅವನಪ್ಪ ನಂಜಯ್ಯ ಹೋದ ವರ್ಷ ತೀರಿಕೊಂಡ ಮೇಲೆ ಮೇಷ್ಟ್ರು ಹೂ ಕೇಳುವುದಕ್ಕೆ ಬಂದದ್ದು ಇದೇ ಮೊದಲು.

“ಎಡಗಡೆ ಅಲ್ವೇನಯ್ಯಾ ಬಿದ್ದಿದ್ದು?”

“ನಿಮಗೆ ಎಡ ಸಾರ್. ಅವನಿಗೆ ಬಲ ಅಲ್ವಾ?”

ಮೇಷ್ಟ್ರು ಮುಖವಾಡದ ಕಡೆ ನೋಡಿದರು. ಹುರಿಮೀಸೆಯ ದೇವರು ಅವರ ಕಡೆ ನೋಡಿದ. ಎದುರುಬದುರು ನಿಂತ ಇಬ್ಬರು ಗಂಡಸರು. “ಮೊದಲಿಂದಾನೂ ಹಿಂಗೇನಾ?” ಎಂದು ಕೇಳಿದರು. ಧ್ವನಿ ಅವರದೇ ಅನ್ನಿಸಲಿಲ್ಲ.

“ಇನ್ನೆಂಗೆ ಸಾರ್? ಹೂ ಕೊಡೋನು ಅವನು. ಅವನ ಕೈ ಲೆಕ್ಕಾನೇ ತಾನೇ? ಯಾಕೆ, ನಮ್ಮಪ್ಪ ಯೋಳಿರ್ಲಿಲ್ವಾ?”

ನಂಜಯ್ಯ ಹೇಳಿರಲಿಲ್ಲ. ಕಿವಿ ಮಂದವಾಗಿದ್ದ ನಂಜಯ್ಯ ಯಾವತ್ತೂ ಏನೂ ಹೇಳಿದವರಲ್ಲ. ಬಿದ್ದ ಹೂ ಎತ್ತಿ ಕೈಗೆ ಕೊಟ್ಟು ತಟ್ಟೆ ಮುಂದೆ ಹಿಡಿಯುತ್ತಿದ್ದರು. ಮೇಷ್ಟ್ರಿಗೆ ನಾನೇನು ಹೇಳಿಕೊಡುವುದು ಎಂದುಕೊಂಡಿದ್ದರೋ ಏನೋ. ಮೇಷ್ಟ್ರಾಗುವುದರಲ್ಲಿ ಇರುವ ತೊಂದರೆಯೇ ಅದು, ಆಮೇಲೆ ಯಾರೂ ಏನನ್ನೂ ಹೇಳಿಕೊಡುವುದಿಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಸೊಂಟದ ಮೇಲೆ ಎತ್ತಿಕೊಂಡು ಇದೇ ಬಾಗಿಲಲ್ಲಿ ನಿಂತು, “ಬಲಗಡೆ ಕೊಟ್ರೆ ಆಯ್ತದೆ ಮಗ” ಎಂದಿದ್ದಳು. ಯಾರ ಬಲಗಡೆ ಎಂದು ಮಗ ಕೇಳಲಿಲ್ಲ. ನಾಲ್ಕು ವರ್ಷದ ಮಗುವಿಗೆ ಜಗತ್ತಿನಲ್ಲಿ ಇರುವುದು ಒಂದೇ ಬಲಗೈ, ಅನ್ನ ತಿನ್ನುವುದು. ಮೇಷ್ಟ್ರು ಹೂವನ್ನು ಏನು ಮಾಡಬೇಕೆಂದು ತಿಳಿಯದೆ ಕಿವಿಯ ಮೇಲೆ ಸಿಕ್ಕಿಸಿಕೊಂಡು, ಚಪ್ಪಲಿ ಅದಲುಬದಲು ಮೆಟ್ಟಿ, ಮತ್ತೆ ಸರಿಮಾಡಿಕೊಂಡು, ಗುಡ್ಡ ಇಳಿದರು.

ಸ್ಕೂಟರ್ ಹುಣಸೂರು ಸೇರುವಷ್ಟರಲ್ಲಿ ಅವರ ತಲೆಯಲ್ಲಿ ಇನ್ನೊಬ್ಬ ಶಿವಶಂಕರ ಹುಟ್ಟಿ, ಬೆಳೆದು, ಮೀಸೆ ಬಿಟ್ಟಿದ್ದ. ದೇವರ ಲೆಕ್ಕದ ಶಿವಶಂಕರ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಪೊಲೀಸ್ ಕೆಲಸದ ಕಾಗದವೂ ಡ್ರಿಲ್ ಮೇಷ್ಟ್ರ ಕೆಲಸದ ಕಾಗದವೂ ಒಂದೇ ವಾರದಲ್ಲಿ ಬಂದಾಗ ಮೇಷ್ಟ್ರು ಕೇಳಿದ್ದು ಪೊಲೀಸ್ ಕೆಲಸದ ಹೂ. ಎಡಕ್ಕೆ ಬಿದ್ದಿತ್ತು. ಅಂದರೆ ಬಲಕ್ಕೆ ಬಿದ್ದಿತ್ತು! ದೇವರ ಲೆಕ್ಕದವನು ಪೊಲೀಸಿಗೆ ಸೇರಿದ, ಕೆ.ಆರ್. ನಗರದಲ್ಲಿ ಠಾಣೆ ಆಳಿದ, ನಾಲೆ ಪಕ್ಕ ಮನೆ ಕಟ್ಟಿದ, ಈಗ ಜಗಲಿಯ ಮೇಲೆ ಕಾಲು ಚಾಚಿ ಕೂತು ಹೋಗುವವರ ಬರುವವರ ನಮಸ್ಕಾರ ತೆಗೆದುಕೊಳ್ಳುತ್ತಿದ್ದಾನೆ. ಒಳಗಿನಿಂದ ಅವನಿಗೆ ಕಾಫಿ ತಂದುಕೊಡುವವಳು ಯಾರೆಂದು ನೋಡುವುದಕ್ಕೆ ಮೇಷ್ಟ್ರಿಗೆ ಧೈರ್ಯವಾಗಲಿಲ್ಲ. ಅವಳು ಶಿವರುದ್ರಮ್ಮ ಅಲ್ಲ, ಅಷ್ಟು ಗೊತ್ತಿತ್ತು. ಸರ್ಕಲ್ಲಿನಲ್ಲಿ ಎಡಗಡೆಯ ಇಂಡಿಕೇಟರ್ ಹಾಕಿ ಬಲಕ್ಕೆ ತಿರುಗಿದರು. ಹಿಂದೆ ಬರುತ್ತಿದ್ದ ಆಟೋದವನು ತಲೆ ಹೊರಗೆ ಹಾಕಿ, “ಏನ್ ಯಜಮಾನ್ರೇ, ಯಾವ ಕಡೆ ಅಂತ ಗ್ಯಾನ ಇಲ್ವಾ?” ಎಂದ. ಇಲ್ಲವಪ್ಪ, ಇವತ್ತು ಬೆಳಿಗ್ಗೆಯಿಂದ ಇಲ್ಲ ಎಂದು ಹೇಳಬೇಕೆನ್ನಿಸಿತು.

ಆಗಸ್ಟ್ ಹದಿನೈದಕ್ಕೆ ಎಂಟೇ ದಿನ ಉಳಿದಿತ್ತು. ಕವಾಯತಿಗೆ ಮಕ್ಕಳು ಮೈದಾನದಲ್ಲಿ ಸಾಲಾಗಿ ನಿಂತಿದ್ದರು. “ಸಾವಧಾನ್!” ಎಂದರು. ನಿಂತರು. “ಬಲಕ್ಕೆ ತಿರುಗ್!” ಎನ್ನುತ್ತ ಅಭ್ಯಾಸಬಲದಿಂದ ತಮ್ಮ ಎಡಗೈ ಎತ್ತಿ ತೋರಿಸಿದವರು, ಆ ಎತ್ತಿದ ಕೈಯನ್ನೇ ನೋಡುತ್ತ ಉಳಿದುಬಿಟ್ಟರು. ಮೂವತ್ತೈದು ವರ್ಷದಿಂದ ಅವರು ಹೀಗೇ ಕೈ ಎತ್ತಿದ್ದಾರೆ. ಎದುರಿಗೆ ನಿಂತವರ ಬಲ ನಮ್ಮ ಎಡ. ಟ್ರೈನಿಂಗಿನಲ್ಲಿ ಅವರಿಗೆ ಹೇಳಿಕೊಟ್ಟ ಮೊದಲ ಪಾಠ ಇದು. ಹೊಸದಾಗಿ ಸೇರಿದ ಮಕ್ಕಳು ತಪ್ಪಿದಾಗ ಬೆತ್ತ ಆಡಿಸುತ್ತ, “ನನ್ನ ಬಲ ಅಲ್ಲ ಕಣ್ರೋ, ನಿಮ್ಮ ಬಲ! ನಿಂತಿರೋರು ಯಾರು? ತಿರುಗೋರು ಯಾರು?” ಎಂದು ವರ್ಷಕ್ಕೆ ಇನ್ನೂರು ಸಲವಾದರೂ ಕೂಗಿದ್ದಾರೆ. ಕೂಗಿ, ಅದೇ ಬಾಯಲ್ಲಿ ಗುಡ್ಡ ಹತ್ತಿ, ದೇವರ ಎದುರಿಗೆ ನಿಂತು, ತಮ್ಮ ಬಲಗಡೆ ನೋಡಿದ್ದಾರೆ. ಇಡೀ ತಾಲೂಕಿನಲ್ಲಿ ಈ ತಪ್ಪು ಮಾಡಬಾರದಿದ್ದ ಒಬ್ಬನೇ ಮನುಷ್ಯ ಅದನ್ನು ಮಾಡಿದ್ದ. ಮಕ್ಕಳು ಕಿಸಕ್ಕೆಂದು ನಕ್ಕರು. ಕೈ ಎತ್ತಿ ನಿಂತದ್ದಕ್ಕೆ ನಗುತ್ತಿದ್ದಾರೆಂದುಕೊಂಡು ಮೇಷ್ಟ್ರು ಕೈ ಇಳಿಸಿದರು. ನಗು ನಿಲ್ಲಲಿಲ್ಲ. “ವಿಶ್ರಾಮ್” ಎಂದು ಹೇಳಿ ಬೇವಿನಮರದ ಕೆಳಗೆ ಹೋಗಿ ಕೂತರು.

ಪಿರಿಯಾಪಟ್ಟಣದ ಚಿಕ್ಕಬಸಪ್ಪನವರು ಮಗಳು ಶಿವರುದ್ರಮ್ಮನನ್ನು ಕರೆದುಕೊಂಡು ಇದೇ ಗುಡಿಗೆ ಬಂದಿದ್ದರು. ಮೂವತ್ತೆರಡು ವರ್ಷದ ಹಿಂದೆ. ಎರಡೂ ಕಡೆಯವರು ಒಪ್ಪಿಯಾಗಿತ್ತು, ಹೂ ಒಂದು ಬಾಕಿ. ನಂಜಯ್ಯ ಅಂಟಿಸಿದ ಹೂ ಎಷ್ಟು ಹೊತ್ತಾದರೂ ಬೀಳಲೊಲ್ಲದು. ಹಸಿರು ಸೀರೆಯ ಹುಡುಗಿ ಕಂಬಕ್ಕೆ ಒರಗಿ ನಿಂತು, ಹೂ ನೋಡುವುದು ಬಿಟ್ಟು, ಹೂ ನೋಡುತ್ತಿದ್ದ ಶಿವಶಂಕರನನ್ನು ನೋಡುತ್ತಿದ್ದಳು. ಅದು ಕಣ್ಣಂಚಿನಲ್ಲಿ ಗೊತ್ತಾಗುತ್ತಿತ್ತು. ಸಿದ್ದೇಶ್ವರಾ, ಇವಳೊಬ್ಬಳು ಸಿಗಲಿ, ಇನ್ನು ಯಾವತ್ತೂ ಏನೂ ಕೇಳುವುದಿಲ್ಲ ಎಂದು ಹರಕೆ ಹೊತ್ತದ್ದೇ ತಡ, ಬಲಗಡೆಯದು ಬಿತ್ತು. “ಬಲಗಡೆ ಬಂತು!” ಎಂದು ಆರಡಿ ಎತ್ತರದ ಡ್ರಿಲ್ ಮೇಷ್ಟ್ರು ಗುಡಿಯೊಳಗೇ ಎರಡು ಸಲ ಎಗರಿದ್ದರು. ಚಿಕ್ಕಬಸಪ್ಪನವರು ಏನೋ ಹೇಳುವುದಕ್ಕೆ ಬಾಯಿ ತೆರೆದು, ಮಗಳ ಮುಖ ನೋಡಿ, ಬಾಯಿ ಮುಚ್ಚಿಕೊಂಡರು. ಹೆಣ್ಣು ಹೆತ್ತವರ ಸಂಕಟ ಎಂದುಕೊಂಡಿದ್ದರು ಮೇಷ್ಟ್ರು. ಈಗ ನೋಡಿದರೆ ದೇವರು ಆ ಮದುವೆ ಬೇಡ ಎಂದಿದ್ದ. ಬೇಡ ಎಂದ ಮದುವೆಯಲ್ಲಿ ಮಗಳು ಮಧುಶ್ರೀ ಹುಟ್ಟಿದಳು, ಅವಳಿಗೂ ಮದುವೆಯಾಗಿ ಒಂದು ಮಗುವಾಯಿತು, ಬೇಡ ಎಂದ ಮನೆಯಲ್ಲಿ ಮೂವತ್ತೆರಡು ವರ್ಷ ದಿನಾ ಅಡುಗೆಯಾಯಿತು. ಇದನ್ನು ಆ ಹೆಂಗಸಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದು? ಅದನ್ನಾದರೂ ಹೇಳಬಹುದು. ಇನ್ನೊಂದಿತ್ತು. ಮದುವೆಯಾದ ಎರಡನೆಯ ವರ್ಷ ಶಿವರುದ್ರಮ್ಮ ಮೈಸೂರಿಗೆ ಹೋಗಿ ಟಿ.ಸಿ.ಹೆಚ್. ಓದಿ ಟೀಚರ್ ಆಗುತ್ತೇನೆಂದಿದ್ದರು. ದುಂಡನೆಯ ಅಕ್ಷರದಲ್ಲಿ ಅರ್ಜಿ ತುಂಬಿಸಿಟ್ಟಿದ್ದರು. ಆಗಲೂ “ಹೂ ಕೇಳಿ ಹೇಳ್ತೀನಿ” ಎಂದಿದ್ದ ಮೇಷ್ಟ್ರು ಅವರನ್ನು ಜೊತೆಗೇ ಕರೆದುಕೊಂಡು ಹೋಗಿದ್ದರು. ಎಡಕ್ಕೆ ಬಿತ್ತು. ಆ ಅರ್ಜಿ ಆಮೇಲೆ ಎಷ್ಟೋ ವರ್ಷ ಅಡುಗೆಮನೆಯ ಅಟ್ಟಣಿಗೆಯಲ್ಲಿ ಬೇಳೆ ಡಬ್ಬದ ಕೆಳಗೆ ಹಾಸಿಕೊಂಡು ಬಿದ್ದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಜನ ಗಾದೆ ಮಾಡಿದ್ದಾರೆ. ಇಲ್ಲಿ ದೇವರೂ ಕೊಟ್ಟಿದ್ದ, ಪೂಜಾರಿಯೂ ಎತ್ತಿ ಕೈಗಿಟ್ಟಿದ್ದ. ಕೊಡದೆ ಹೋದವನು ಗಂಡ. ಮೇಷ್ಟ್ರಿಗೆ ನಾಚಿಕೆಯಾಯಿತು.

ಸ್ಟಾಫ್ ರೂಮಿನಲ್ಲಿ ಗಣಿತದ ಸಂಘಮಿತ್ರ ಮೇಡಂ ಒಬ್ಬರೇ ಕೂತು ನೋಟ್‌ಬುಕ್ ತಿದ್ದುತ್ತಿದ್ದರು. ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ಮೇಷ್ಟ್ರಿಗೆ ಊಟ ಇಳಿಯುವ ಹಾಗಿರಲಿಲ್ಲ.

“ಒಂದು ಲೆಕ್ಕ ಕೇಳ್ತೀನಿ ಮೇಡಂ. ನನಗೆ ಗೊತ್ತಿರೋರೊಬ್ರು ಇದಾರೆ, ಕೆ.ಆರ್. ನಗರದ ಕಡೆಯೋರು,” ಎಂದು ಶುರುಮಾಡಿ ಕಣಗಿಲೆಯ ಕಥೆಯನ್ನೆಲ್ಲ ಆ ಬಡಪಾಯಿಯ ತಲೆಗೆ ಕಟ್ಟಿ ಹೇಳಿದರು. ಸಂಘಮಿತ್ರ ಮೇಡಂ ಪೂರ್ತಿ ಕೇಳಿದರು. ಮಧ್ಯೆ ಮಧ್ಯೆ ಮೇಷ್ಟ್ರ ಕಿವಿಯ ಕಡೆ ನೋಡುತ್ತಿದ್ದರು.

“ನನಗೆ ಈ ಹೂ ಕೇಳೋದರಲ್ಲೆಲ್ಲ ನಂಬಿಕೆ ಇಲ್ಲ ಸಾರ್. ಆದ್ರೆ ಲೆಕ್ಕ ಹೇಳ್ತೀನಿ. ಅವರು ಯಾವಾಗ್ಲೂ ಒಂದೇ ತರ ತಪ್ಪು ಓದಿದ್ರೆ ಅದರಲ್ಲಿ ಪಾಪ ಏನಿಲ್ಲ. ತಕ್ಕಡಿ ಸದಾ ಒಂದೇ ಕಡೆ ವಾಲ್ತಿದ್ರೆ ತಕ್ಕಡಿ ಕೆಟ್ಟಿದೆ ಅಂತ, ಅಷ್ಟೆ. ಬೇಕಾದಾಗ ಈ ಕಡೆ, ಬೇಡದಾಗ ಆ ಕಡೆ ವಾಲಿದ್ರೆ ಮಾತ್ರ ತೂಗೋನ ಕೈ ನೋಡ್ಬೇಕು. ನಿಮ್ಮ ಪರಿಚಯದೋರು ಹೆಂಗೆ?”

“ಅವರು ಒಂದೇ ತರ. ಪಾಪ, ಸಾಧು ಮನುಷ್ಯ,” ಎಂದು ಮೇಷ್ಟ್ರು ತಟ್ಟನೆ ಹೇಳಿ ಎದ್ದರು. ಎದೆಯ ಮೇಲಿನ ಭಾರ ಇಳಿದಂತಾಯಿತು. ತಕ್ಕಡಿ ಕೆಟ್ಟಿತ್ತು, ಅಷ್ಟೇ ತಾನೆ. ಕೈ ತೊಳೆಯಲು ನಲ್ಲಿ ತಿರುಗಿಸುತ್ತಿದ್ದ ಹಾಗೆ, ಯಾರೂ ಕರೆಯದೆ, ಅಂತರಸಂತೆ ನೆನಪಿಗೆ ಬಂತು.

ಹನ್ನೆರಡು ವರ್ಷದ ಹಿಂದೆ ಅಂತರಸಂತೆಯ ಕಡೆಯ ಒಂದು ಸ್ಕೂಲಿಗೆ ಡ್ರಿಲ್ ಮೇಷ್ಟ್ರು ಬೇಕಾಗಿತ್ತು. ಅಲ್ಲಿಯ ಹೆಡ್‌ಮಾಸ್ಟರು ಕನಕರಾಜು ಮನೆಗೇ ಬಂದು ಕೈಹಿಡಿದು ಕೇಳಿದ್ದರು. ಕಾಡಂಚಿನ ಆದಿವಾಸಿ ಹಾಡಿಯ ಮಕ್ಕಳು, ಜಿಂಕೆ ಓಡಿದ ಹಾಗೆ ಓಡುತ್ತಾರೆ, ಓಡುವುದು ಹೇಗೆಂದು ಕಲಿಸುವವರಿಲ್ಲ, ಎರಡು ವರ್ಷ ಬನ್ನಿ ಸಾಕು ಎಂದು. ಬರುತ್ತೇನೆ ಎಂಬ ಮಾತು ಬಾಯಿತುದಿಯವರೆಗೆ ಬಂದಿತ್ತು. ರಾತ್ರಿಯೆಲ್ಲ ಯೋಚಿಸಿದ ಮೇಲೆ ಆನೆ, ಕೆಸರು, ದಿನಕ್ಕೆರಡು ಬಸ್ಸು ಎಲ್ಲ ಒಟ್ಟಿಗೆ ನೆನಪಾಗಿ ಮನಸ್ಸು ಹಿಂಜರಿಯಿತು. ಹೂ ಕೇಳುವುದಕ್ಕೆ ಹೋದರು. ಪಕ್ಕದಲ್ಲಿ ಶಿವರುದ್ರಮ್ಮ ಇದ್ದರು. ಹೂ ಬಲಕ್ಕೆ ಬಿತ್ತು. ಮೇಷ್ಟ್ರ ಬಲಕ್ಕೆ, ಕಣ್ಣಿಗೆ ರಾಚುವ ಹಾಗೆ. ಆಗ ಮೇಷ್ಟ್ರು ಏನು ಹೇಳಿದ್ದರು? “ನೋಡು, ದೇವರಿಗೆ ಅದು ಎಡ ಅಲ್ವಾ” ಎಂದಿದ್ದರು. ತಮ್ಮ ಬಾಯಿಂದಲೇ. ಹೇಳಿ, ಗುಡ್ಡ ಇಳಿದು, ಕನಕರಾಜು ಅವರಿಗೆ ಫೋನ್ ಮಾಡಿ, ಅಪ್ಪಣೆಯಾಗಲಿಲ್ಲ ಎಂದು ತಿಳಿಸಿ, ಅದನ್ನು ಪೂರ್ತಿ ಮರೆತಿದ್ದರು. ಇಷ್ಟು ವರ್ಷದಲ್ಲಿ ದೇವರ ಮಾತನ್ನು ಸರಿಯಾಗಿ ಓದಿದ್ದು ಆವತ್ತೊಂದು ದಿನ, ಅದೂ ಮೋಸ ಮಾಡುವುದಕ್ಕೆ. ಗೊತ್ತಿಲ್ಲದೆ ತಪ್ಪುವುದು ಬೇರೆ, ಗೊತ್ತಾಗದ ಹಾಗೆ ನೋಡಿಕೊಳ್ಳುವುದು ಬೇರೆ. ನಲ್ಲಿಯ ನೀರು ಹರಿಯುತ್ತಲೇ ಇತ್ತು. ಆರನೆಯ ಕ್ಲಾಸಿನ ಹುಡುಗಿಯೊಬ್ಬಳು ಬಂದು, “ಸಾರ್, ನೀರು ಪೋಲಾಗ್ತದೆ” ಎಂದು ನಲ್ಲಿ ನಿಲ್ಲಿಸಿ ಹೋದಳು.

ಸಂಜೆ ಐದಕ್ಕೆ ಮನೆ ಮುಟ್ಟಿದಾಗ ಶಿವರುದ್ರಮ್ಮ ಮುಂದಿನ ಕೋಣೆಯಲ್ಲಿ ಶೋಕೇಸಿನ ಗಾಜು ಒರೆಸುತ್ತಿದ್ದರು. ಶುಕ್ರವಾರ. ಪ್ರತಿ ಶುಕ್ರವಾರ ಒರೆಸುತ್ತಿದ್ದದ್ದು ಅವರೇ, ಮೇಷ್ಟ್ರು ಅದನ್ನು ಇವತ್ತಿನವರೆಗೆ ನೋಡಿರಲಿಲ್ಲ. ದಾರಿಯಲ್ಲಿ ಒಂದು ಸುಲಭದ ಉಪಾಯ ಹೊಳೆದಿತ್ತು. ಹೇಗೂ ದೇವರು ಬಲಗಡೆ ಕೊಟ್ಟಿದ್ದಾನೆ, ಕೊಟ್ಟ ಎಂದು ಹೇಳಿಬಿಟ್ಟರೆ ಅಂಗಡಿಯೂ ಆಯಿತು, ಹಳೆಯದನ್ನು ಕೆದಕುವುದೂ ತಪ್ಪಿತು.

“ರುದ್ರಿ, ಬೆಳಿಗ್ಗೆ ಗುಡಿಗೆ ಹೋಗಿದ್ದೆ.”

“ಗೊತ್ತಾಯ್ತದೆ. ಕಿವಿ ಮೇಲೆ ಹೂ ಇನ್ನೂ ಅಂಗೇ ಅದೆ.”

ಮೇಷ್ಟ್ರು ಕಿವಿ ಮುಟ್ಟಿ ನೋಡಿಕೊಂಡರು. ಮಕ್ಕಳು ನಕ್ಕದ್ದು, ಸಂಘಮಿತ್ರ ಮೇಡಂ ನೋಡಿದ್ದು ಎಲ್ಲ ಒಟ್ಟಿಗೆ ಅರ್ಥವಾಯಿತು. ದಿನವಿಡೀ ಕಿವಿಗೆ ಹೂವಿಟ್ಟುಕೊಂಡು ತಿರುಗಿದ್ದರು. “ದೇವರು ಬಲಗಡೆ...” ಎಂದರು.

“ದೇವ್ರು ಏನಂದ ಅಂತ ನಾನು ಕೇಳ್ಲಿಲ್ಲ ಕಣ್ರೀ.”

ಅಲ್ಲಿಗೆ ಉಪಾಯ ಕೆಟ್ಟಿತು. ಮೇಷ್ಟ್ರು ಕುರ್ಚಿಯ ತುದಿಯಲ್ಲಿ ಕೂತರು. “ಅದಲ್ಲ ಕಣೇ. ಇಷ್ಟು ವರ್ಷ ನಾನು ನೋಡ್ತಿದ್ದಿದ್ದು ನನ್ನ ಬಲಗಡೆ. ನೋಡ್ಬೇಕಾಗಿದ್ದಿದ್ದು ದೇವರ ಬಲಗಡೆ ಅಂತೆ. ನಿನ್ನ ಟಿ.ಸಿ.ಹೆಚ್.ಗೆ ಅವನು ಆವತ್ತೇ ಹೂಂ ಅಂದಿದ್ದ.” ಹೇಳಿಯಾದ ಮೇಲೆ ಅವರಿಗೆ ತಲೆ ಎತ್ತಲಾಗಲಿಲ್ಲ.

ಬಟ್ಟೆ ಗಾಜಿನ ಮೇಲೆ ಉಜ್ಜುವ ಸದ್ದು ನಿಲ್ಲಲಿಲ್ಲ. “ಗೊತ್ತು.”

“ಗೊತ್ತಿತ್ತಾ?”

“ಪಿರಿಯಾಪಟ್ಟಣದಲ್ಲಿ ಸಣ್ಣ ಮಕ್ಳಿಗೂ ಗೊತ್ತು. ಮದ್ವೆ ಹೂ ಕೇಳ್ದಾಗ ಬಲಗಡೆ ಬಂತು ಅಂತ ಎಗರುದ್ರಲ್ಲ, ಆವತ್ತೇ ನಮ್ಮಪ್ಪ ನನ್ ಮಕ ನೋಡ್ತು. ಎಡ ಆಗದೆ ಕಣವ್ವ, ಏನ್ ಮಾಡೋವಾ ಅಂತ. ಸುಮ್ಕಿರಪ್ಪ ಅಂತ ನಾನೇ ಕಣ್ಸನ್ನೆ ಮಾಡ್ದೆ.”

“ಯಾಕೆ?”

“ಅಷ್ಟುದ್ದದ ಗಂಡ್ಸು ಅಂಗೆ ಎಗರೋದ ನಾನೆಲ್ಲಿ ನೋಡಿದ್ದೆ? ದೇವ್ರು ಬ್ಯಾಡ ಅಂದ. ನಾನು ಆಗ್ಲಿ ಅಂದೆ.” ಶಿವರುದ್ರಮ್ಮ ಬಟ್ಟೆ ಕೊಡವಿ ಮಡಿಚಿದರು. ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ತಾವು ದೇವರಿಂದ ಪಡೆದೆ ಎಂದುಕೊಂಡಿದ್ದನ್ನು ಈ ಹೆಂಗಸು ದೇವರನ್ನು ಬದಿಗೆ ಸರಿಸಿ ಕೊಟ್ಟಿದ್ದಳು, ಮೂವತ್ತೆರಡು ವರ್ಷ ಅದರ ಮಾತೇ ಎತ್ತಿರಲಿಲ್ಲ.

“ಮತ್ತೆ ಟಿ.ಸಿ.ಹೆಚ್. ದಿವಸ ಯಾಕೆ ಸುಮ್ನಿದ್ದೆ? ಪಕ್ಕದಲ್ಲೇ ಇದ್ದೆಯಲ್ಲ. ಒಂದು ಮಾತು ಹೇಳಿದ್ರೆ...”

“ನಾನು ಕೇಳಿದ್ದು ನಿಮ್ಮನ್ನ. ನೀವು ಓಗಿ ದೇವ್ರ ಬೆನ್ನಿಂದೆ ನಿಂತ್ಕೊಂಡ್ರಿ. ದೇವ್ರು ಹೂಂ ಅಂದವ್ನೆ ಕಳ್ಸಿ ಅಂತ ನಾನೇ ಯೋಳಿ ಓಗೋದಾದ್ರೆ ನೀವ್ಯಾಕ್ರೀ ಬೇಕಿತ್ತು?” ಅವರ ಧ್ವನಿ ಗಟ್ಟಿಯಾಯಿತು, ಮತ್ತೆ ಇಳಿಯಿತು. “ಇಪ್ಪತ್ತೆರಡು ವರ್ಷ ನಂಗಾಗ. ಜಂಬ. ಈಗಾಗಿದ್ರೆ ಕಾಲರ್ ಇಡ್ಕೊಂಡು ಯೋಳ್ತಿದ್ದೆ. ನನ್ದೂ ತಪ್ಪದೆ ಬುಡಿ.”

“ನನಗೂ ಗೊತ್ತಿತ್ತೇನೋ ಕಣೇ, ಒಳಗೊಳಗೆ. ಅಂತರಸಂತೆ ವಿಷಯದಲ್ಲಿ...”

“ಅದೂ ಗೊತ್ತು. ಆವತ್ತೂ ಪಕ್ಕದಲ್ಲೇ ಇದ್ದೆ.” ಶಿವರುದ್ರಮ್ಮ ಈಗ ಅವರ ಎದುರಿಗೆ ಬಂದು ನಿಂತರು. “ನೋಡಿ, ಕಾವಲಿ ತಂದು ಮಂಚದ ಕೆಳಗಿಟ್ಟು ಅದಿನೈದು ದಿನ ಆಯ್ತು. ಸೋಮವಾರ ರೊಟ್ಟಿ ತಟ್ಟೋದು ತಟ್ಟೋದೇ. ಇಲ್ಲಾಗ್ನಿಲ್ಲ ಅಂದ್ರೆ ಬಸ್‌ಸ್ಟ್ಯಾಂಡ್ ಮುಂದೆ ಓಗಿ ಕೂತ್ಕತೀನಿ. ಜಾಗಕ್ಕೋಸ್ಕರ ನಿಮ್ಮನ್ನ ಕೇಳ್ಲಿಲ್ಲ. ಸಾಯೋದ್ರೊಳಗೆ ಒಂದ್ಸಲನಾದ್ರೂ ನಿಮ್ಮ ಸ್ವಂತ ಬಾಯಲ್ಲಿ ಒಂದ್ ಮಾತು ಬತ್ತದಾ ನೋಡೋವಾ ಅಂತ.”

ಮೇಷ್ಟ್ರು ಎದ್ದು ನಿಂತರು. ಬಾಡಿದ ಕಣಗಿಲೆ ಇನ್ನೂ ಕೈಯಲ್ಲಿತ್ತು, ಕಿಟಕಿಯ ಮೇಲಿಟ್ಟರು. ಶೋಕೇಸಿನೊಳಗಿನ ಷೀಲ್ಡುಗಳೆಲ್ಲ ಅವರನ್ನೇ ನೋಡುತ್ತಿದ್ದವು. ಯಾರ ಅಪ್ಪಣೆಯೂ ಇಲ್ಲದ ಒಂದು ಮಾತು ಆಡುವುದಕ್ಕೆ ಇಷ್ಟು ಉಸಿರು ಬೇಕಾಗುತ್ತದೆಂದು ಅವರಿಗೆ ಗೊತ್ತಿರಲಿಲ್ಲ. “ಇಲ್ಲೇ ಇಡು,” ಎಂದರು. ಕವಾಯತಿನ ಧ್ವನಿಯೇ ಬಂದುಬಿಟ್ಟಿತು, ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು. “ರೊಟ್ಟಿ ಅಂಗಡಿ ಇಲ್ಲೇ ಇಡು. ನಾನು ಹೇಳ್ತಿದೀನಿ.”

ಶಿವರುದ್ರಮ್ಮ ನಗುತ್ತಿದ್ದರೋ ಅಳುತ್ತಿದ್ದರೋ, ಸೆರಗು ಬಾಯಿಗೆ ಅಡ್ಡ ಇದ್ದದ್ದರಿಂದ ಗೊತ್ತಾಗಲಿಲ್ಲ. ಮೇಷ್ಟ್ರು ಕಾಯಲಿಲ್ಲ. ಸ್ಟೂಲು ಹತ್ತಿ, ಶೋಕೇಸಿನ ಬಾಗಿಲು ತೆಗೆದು, ಎಲ್ಲಕ್ಕಿಂತ ದೊಡ್ಡದಾದ ಖೋಖೋ ಷೀಲ್ಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಇಳಿದರು. “ಇದನ್ನ ಎಲ್ಲಿಡ್ಲಿ?”

“ನಡುಮನೇಲಿ, ಬೀರು ಬಲಗಡೆ ಇಡಿ.”

ಮೇಷ್ಟ್ರು ನಡುಮನೆಗೆ ಹೋದರು. ಬೀರುವಿನ ಎದುರಿಗೆ ನಿಂತರು. ಬೀರುವಿನ ಕನ್ನಡಿಯೊಳಗಿಂದ ಷೀಲ್ಡು ಹೊತ್ತ ಎತ್ತರದ ಮುದುಕನೊಬ್ಬ ಅವರ ಎದುರಿಗೆ ನಿಂತ.

“ರುದ್ರೀ, ಬೀರುವಿನ ಬಲವೋ, ನನ್ನ ಬಲವೋ?” ಎಂದು ಕೂಗಿದರು.

“ನೀವೇ ನೋಡಿ,” ಎಂದು ಮುಂದಿನ ಕೋಣೆಯಿಂದ ಉತ್ತರ ಬಂತು.

ನೋಡಿದರು. ಎರಡು ಕಡೆಯೂ ಜಾಗವಿತ್ತು.